ನೋವು ವರ್ಷಗಟ್ಟಲೆ ಬಿಡದಿದ್ದಾಗ ನಂಬಿಕೆಯಲ್ಲಿ ನಿಲ್ಲುವುದು ಹೇಗೆ? ಮಳೆಗಾಲಕ್ಕೆ ಮುಂಚೆ ಸಲಹೆ ಬೇಕು

ಸುಂಟಿಕೊಪ್ಪ_ಕೂಟ ಕೇಳಿದ್ದು:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಕೊಡಗಿನ ಸುಂಟಿಕೊಪ್ಪ ಸುತ್ತಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲು ಮನೆಗಳಲ್ಲಿ) ವಾರಕ್ಕೊಮ್ಮೆ ನಡೆಯುವ ಪ್ರಾರ್ಥನಾ ಕೂಟದ ಪರವಾಗಿ ಕೇಳುತ್ತಿದ್ದೇನೆ. ಕೂಟದಲ್ಲಿ ಕ್ಯಾಥೊಲಿಕರೂ ಇದ್ದಾರೆ, ಸಿಎಸ್‌ಐನವರೂ (ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆಯವರೂ) ಇದ್ದಾರೆ. ಎರಡೂ ಕಡೆಯ ಬಲ್ಲವರು ಉತ್ತರಿಸಿದರೆ ಉಪಕಾರ.

ಕಷ್ಟ ಬಂದ ಮೊದಲ ತಿಂಗಳು ಜನ ಗಟ್ಟಿಯಾಗಿಯೇ ಇರುತ್ತಾರೆ. ಇಡೀ ಲೈನೇ ಬಂದು ಪ್ರಾರ್ಥಿಸುತ್ತದೆ. ತೊಡಕು ಶುರುವಾಗುವುದು ಆಮೇಲೆ. ಕಾಯಿಲೆ ವಾಸಿಯಾಗುವುದೂ ಇಲ್ಲ, ಉಲ್ಬಣಿಸುವುದೂ ಇಲ್ಲ, ಸುಮ್ಮನೆ ಇದ್ದೇ ಇರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡವರಿಗೆ ಬೇರೆ ಕಡೆ ಮನೆ ಸಿಕ್ಕಿದರೂ ಮಳೆ ಜೋರಾದ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಸಾಲ ಮಾಡಿಕೊಂಡವರು ನಾಚಿಕೆಯಿಂದ ಚರ್ಚಿನ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ.

ಪ್ರಾರ್ಥನೆಗೆ ಬಾಯೇ ಬಾರದವರಿಗೆ ಏನು ಹೇಳಿಕೊಡಬೇಕು? ದೇವರ ಮೇಲೆ ಸಿಟ್ಟು ಬರುವುದು ಪಾಪವೇ? "ನಿನ್ನ ನಂಬಿಕೆ ಸಾಲದು, ಅದಕ್ಕೇ ಗುಣವಾಗಿಲ್ಲ" ಎಂದು ಯಾರೋ ಹೇಳಿಹೋದ ಮನೆಯಲ್ಲಿ ನಾವು ಏನು ಮಾತಾಡಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂಟ ಸೇರುವುದೇ ಕಷ್ಟ, ಆಗ ದಾರಿ ಏನು? "ತಾಳ್ಮೆಯಿಂದಿರಿ, ದೇವರು ನೋಡಿಕೊಳ್ಳುತ್ತಾನೆ" ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಮಾಡಲು ಆಗುವಂಥದ್ದನ್ನು ಹೇಳಿ.

---

ಅಮ್ಮತ್ತಿ_ಉಪದೇಶಿ:

ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಬಗೆಹರಿದರೆ ಮೊದಲನೆಯದು ಅರ್ಧ ಬಗೆಹರಿಯುತ್ತದೆ.

ಸಿಟ್ಟನ್ನು ದೇವರಿಗೇ ಹೇಳಿದರೆ ಅದು ಪ್ರಾರ್ಥನೆ. ದೇವರಿಗೆ ಹೇಳದೆ ಒಳಗೇ ಇಟ್ಟುಕೊಂಡಾಗ ಅದು ಜನರನ್ನು ನಿಧಾನವಾಗಿ ದೂರ ಒಯ್ಯುತ್ತದೆ. ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ ಸ್ತುತಿಗೀತೆಗಳಷ್ಟೇ ದೂರಿನ ಗೀತೆಗಳೂ ಸಲೀಸಾಗಿ ಸಿಗುತ್ತವೆ. ನಾವು ಹಾಡಲು ಆರಿಸಿಕೊಳ್ಳುವುದು ಮಾತ್ರ ಸ್ತುತಿಯವನ್ನೇ. ಆದ್ದರಿಂದ ನೊಂದವನಿಗೆ ತನ್ನ ಮಾತಿಗೆ ಚರ್ಚಿನಲ್ಲಿ ಜಾಗವಿಲ್ಲ ಅನ್ನಿಸುತ್ತದೆ.

ಹೇಳಿಕೊಡಲು ತಕ್ಕದ್ದು ಕೀರ್ತನೆ 13. ಆರೇ ವಚನ. ಮೊದಲೆರಡು ವಚನಗಳಲ್ಲಿ ದೂರು: "ಎಷ್ಟರವರೆಗೆ" ಎಂದು ಕೀರ್ತನೆಗಾರ ನಾಲ್ಕು ಸಲ ಕೇಳುತ್ತಾನೆ. ಮೂರು ಮತ್ತು ನಾಲ್ಕರಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ ಭರವಸೆ. ಇದನ್ನೇ ಅಚ್ಚಾಗಿ ಇಟ್ಟುಕೊಂಡು ಸ್ವಂತ ಮಾತಿನಲ್ಲಿ ಹೇಳಿಸಬೇಕು. ದೇವರನ್ನು ಹೆಸರು ಹಿಡಿದು ಕರೆಯುವುದು, ಆಗಿರುವುದನ್ನು ಬಣ್ಣ ಹಚ್ಚದೆ ಹೇಳುವುದು, ಬೇಕಾದ ಒಂದೇ ಒಂದು ವಿಷಯ ಕೇಳುವುದು. ನಾಲ್ಕನೆಯದಾದ ಭರವಸೆಯ ಮಾತು ಬಂದರೆ ಹೇಳಲಿ, ಬರದಿದ್ದರೆ ಬಿಡಲಿ. ಇಲ್ಲಿಯೇ ಕೂಟದ ಮುಂದಾಳುಗಳು ಎಡವುವುದು: ದೂರು ಮುಗಿಯುವ ಮೊದಲೇ ಸ್ತುತಿಗೆ ಎಳೆಯುತ್ತಾರೆ. ಕೀರ್ತನೆ 88 ನೋಡಿ. ಹದಿನೆಂಟು ವಚನ, ಕೊನೆಯವರೆಗೂ ತಿರುವಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ದೇವರ ವಾಕ್ಯವಾಗಿಯೇ ಉಳಿದುಬಂದಿದೆ. ಯೇಸು ಶಿಲುಬೆಯ ಮೇಲೆ ಕೂಗಿ ಹೇಳಿದ್ದು 22ನೆಯ ಕೀರ್ತನೆಯ ಮೊದಲ ಸಾಲು, "ನನ್ನನ್ನು ಯಾಕೆ ಕೈಬಿಟ್ಟೆ" ಎಂಬ ಪ್ರಶ್ನೆ.

ಬಾಯೇ ಬಾರದವರಿಗೆ ಉದ್ದದ ಪ್ರಾರ್ಥನೆ ಹೊರಿಸಬೇಡಿ. ಮಾರ್ಕ 9:24ರಲ್ಲಿ ಮಗನನ್ನು ಗುಣಪಡಿಸೆಂದು ಯೇಸುವನ್ನು ಬೇಡಿದ ತಂದೆ ಹೇಳಿದ್ದು ಒಂದೇ ಉಸಿರಿನ ಮಾತು: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಬೆಳಿಗ್ಗೆ ಎದ್ದಾಗ ಒಮ್ಮೆ, ಮಲಗುವಾಗ ಒಮ್ಮೆ ಇಷ್ಟೇ ಸಾಕು. ಅದೂ ಆಗದ ದಿನ ಬೇರೆಯವರು ಪಕ್ಕದಲ್ಲಿ ಕುಳಿತು ಓದಲಿ, ಅವರು ಕೇಳಿಸಿಕೊಳ್ಳಲಿ. ಕಷ್ಟ ಬಂದಾಗ ಜನ ದಿನಕ್ಕೆ ಒಂದು ಗಂಟೆ ಪ್ರಾರ್ಥಿಸುತ್ತೇನೆ, ಮೂರು ಅಧ್ಯಾಯ ಓದುತ್ತೇನೆ, ವಾರಕ್ಕೆ ಎರಡು ಉಪವಾಸ ಎಂದೆಲ್ಲ ದೇವರಿಗೆ ಮಾತು ಕೊಟ್ಟುಬಿಡುತ್ತಾರೆ. ಸ್ವಲ್ಪ ದಿನದಲ್ಲೇ ಅದು ತಪ್ಪುತ್ತದೆ. ಆಮೇಲೆ ನೋವಿನ ಜೊತೆಗೆ ಅಪರಾಧಿ ಭಾವವೂ ಸೇರಿಕೊಳ್ಳುತ್ತದೆ. ಅತಿ ಕೆಟ್ಟ ದಿನದಲ್ಲೂ ಮಾಡಲಾಗುವಷ್ಟನ್ನೇ ನೇಮವಾಗಿ ಇಟ್ಟುಕೊಳ್ಳಬೇಕು. ಒಳ್ಳೆಯ ದಿನ ಬಂದರೆ ಹೆಚ್ಚು ಮಾಡುವುದನ್ನು ಯಾರೂ ತಡೆಯುವುದಿಲ್ಲ.

ಈಗ "ನಂಬಿಕೆ ಸಾಲದು" ಎಂಬ ಮಾತು. ಈ ಮಾತು ಮಾಡಿರುವ ಹಾನಿ ದೊಡ್ಡದು, ಅದಕ್ಕೆ ಸತ್ಯವೇದದಿಂದಲೇ ನೇರ ಉತ್ತರವಿದೆ. ಪೌಲನು ತನ್ನ ಶರೀರದ ಶೂಲ ಹೋಗಲೆಂದು ಮೂರು ಸಲ ಬೇಡಿದ. ಸಿಕ್ಕಿದ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" (2 ಕೊರಿಂಥ 12). ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬಂದೆ ಎಂದು ಅದೇ ಪೌಲ ಬರೆಯುತ್ತಾನೆ (2 ತಿಮೊಥೆ 4:20). ತಿಮೊಥೆಯ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದ, ನಂಬಿಕೆ ಹೆಚ್ಚಿಸಿಕೋ ಅನ್ನಲಿಲ್ಲ (1 ತಿಮೊಥೆ 5:23). ಹುಟ್ಟು ಕುರುಡನನ್ನು ನೋಡಿ ಯಾರ ಪಾಪ ಎಂದು ಕೇಳಿದ ಶಿಷ್ಯರಿಗೆ ಯೇಸು ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದ (ಯೋಹಾನ 9).

ಭೂಕುಸಿತದ ಮನೆಯವರಿಗೆ ಲೂಕ 13:4 ಓದಿ. ಸಿಲೊವಾಮಿನಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳು ಎಂದುಕೊಳ್ಳುತ್ತೀರಾ, ಇಲ್ಲ ಎನ್ನುತ್ತೇನೆ, ಎಂದು ಯೇಸುವೇ ಹೇಳಿದ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯ ಗುಡ್ಡ ಜಾರಿದ್ದಕ್ಕೆ ಅಲ್ಲಿದ್ದವರ ಪಾಪವನ್ನು ಹುಡುಕುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಇನ್ನೊಂದು ವಿಷಯ. ರೋಮಾಪುರ 8:28, "ಎಲ್ಲವೂ ಹಿತಕ್ಕಾಗಿ" ಎಂಬುದನ್ನು ಒಂಟಿಯಾಗಿ ಕಿತ್ತು ಹಾಸಿಗೆಯ ಪಕ್ಕ ಹೇಳಬೇಡಿ. 18ರಿಂದ ಓದಿಕೊಂಡು ಬನ್ನಿ. 22ರಲ್ಲಿ ಸೃಷ್ಟಿ ನರಳುತ್ತದೆ, 23ರಲ್ಲಿ ನಾವು ನರಳುತ್ತೇವೆ, 26ರಲ್ಲಿ ಮಾತಿಲ್ಲದ ನರಳಾಟದಿಂದ ಆತ್ಮನೇ ನಮಗಾಗಿ ಬೇಡುತ್ತಾನೆ. ಈ ಮೂರು ನರಳಾಟ ದಾಟಿದ ಮೇಲೆ ಆ ವಚನ ಬರುತ್ತದೆ. ಹಾಗೆ ಓದಿದರೆ ಕೇಳುವವರಿಗೆ ಅದರ ಧ್ವನಿಯೇ ಬೇರೆ.

---

ಶುಶ್ರೂಷೆ_ಮಡಿಕೇರಿ:

ಉಪದೇಶಿಯವರು ಹೇಳಿದ್ದಕ್ಕೆ ಆಸ್ಪತ್ರೆಯ ಕಡೆಯಿಂದ ಕೆಲವು ಮಾತು ಸೇರಿಸಬೇಕು. ನಂಬಿಕೆ ಕುಂದಿದೆ ಎಂದು ಕೂಟದವರು ಅಂದುಕೊಳ್ಳುವ ಎಷ್ಟೋ ಕಡೆ ನಿಜವಾಗಿ ಕುಂದಿರುವುದು ನಿದ್ದೆ, ಊಟ, ನೋವಿನ ಮಾತ್ರೆ.

ತೀವ್ರ ನೋವಿರುವವರ ಪ್ರಾರ್ಥನೆಯ ಹೊತ್ತನ್ನು ಮಾತ್ರೆಯ ಹೊತ್ತಿಗೆ ಹೊಂದಿಸಿ. ನುಂಗಿದ ಸಾಮಾನ್ಯ ನೋವಿನ ಮಾತ್ರೆ ಹಿಡಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಎಂಟಕ್ಕೆ ಮಾತ್ರೆ ಕೊಟ್ಟರೆ ಒಂಬತ್ತಕ್ಕೆ ಪ್ರಾರ್ಥನೆಗೆ ಹೋಗಿ. ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಆರೇಳು ಜನ ಬಂದು ಹಾಡಲು ಕುಳಿತರೆ ಆ ರೋಗಿಗೆ ಅದು ಶಿಕ್ಷೆ. ದಿನವಿಡೀ ಇರುವ ನೋವಿಗೆ ಮಾತ್ರೆಯನ್ನು ಡಾಕ್ಟರು ಹೇಳಿದ ಗಡಿಯಾರದ ಪ್ರಕಾರ ಕೊಡಬೇಕು. ತಡೆಯಲಾಗದಷ್ಟು ಏರಿದ ಮೇಲೆ ಕೊಟ್ಟರೆ ಇಳಿಸುವುದು ಕಷ್ಟ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆದುಕೊಟ್ಟಾಗ "ಚಟ ಹತ್ತುತ್ತದೆ" ಎಂದು ಹೆದರಿ ನಿಲ್ಲಿಸುವವರಿದ್ದಾರೆ. ವೈದ್ಯರ ನಿಗಾದಲ್ಲಿ ನೋವಿಗೆಂದು ತೆಗೆದುಕೊಳ್ಳುವಾಗ ಆ ಭಯಕ್ಕೆ ಮಾತ್ರೆ ನಿಲ್ಲಿಸುವುದು ಸರಿಯಲ್ಲ. ಮಲಬದ್ಧತೆ ಮಾತ್ರ ಬಹುತೇಕ ಎಲ್ಲರಿಗೂ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಕೇಳಿ ಪಡೆಯಿರಿ.

ಯೇಸು ಶಿಲುಬೆಯ ಮುಂದೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಬೇಡವೆಂದ, ಹಾಗಾಗಿ ನಾನೂ ನೋವಿನ ಮದ್ದು ಬೇಡವೆನ್ನುತ್ತೇನೆ ಎನ್ನುವ ಹಿರಿಯರಿದ್ದಾರೆ. ಅದು ಆತ ಲೋಕಕ್ಕಾಗಿ ಆರಿಸಿಕೊಂಡ ಮರಣ. ಅದೇ ಯೇಸು ಹೇಳಿದ ಸಮಾರ್ಯದವನು ಗಾಯಗೊಂಡವನಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ನೋವಿನ ಮದ್ದನ್ನು ಕ್ಯಾಥೊಲಿಕ್ ಸಭೆಯಾಗಲಿ ಸಿಎಸ್‌ಐ ಆಗಲಿ ನಿಷೇಧಿಸಿಲ್ಲ.

ಗುಣಪಡಿಸುವ ಕೂಟಕ್ಕೆ ಹೋಗಿ ಬಂದು ಮಾತ್ರೆ ಬಿಸಾಡುವುದನ್ನು ದಯವಿಟ್ಟು ತಡೆಯಿರಿ. ಮೂರ್ಛೆರೋಗದ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ. ಇನ್ಸುಲಿನ್, ಸ್ಟೀರಾಯ್ಡ್, ಬಿಪಿ ಮಾತ್ರೆಗಳೂ ಹಾಗೆಯೇ. ಗುಣವಾಗಿದ್ದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆಗ ಡಾಕ್ಟರೇ ಕಡಿಮೆ ಮಾಡುತ್ತಾರೆ. ಹತ್ತು ಕುಷ್ಠರೋಗಿಗಳನ್ನು ಯೇಸು ಯಾಜಕರ ಹತ್ತಿರ ಹೋಗಿ ಮೈ ತೋರಿಸಿಕೊಳ್ಳಿ ಎಂದೇ ಕಳಿಸಿದ್ದು.

ಮನಸ್ಸಿನ ಕಾಯಿಲೆ ಮತ್ತು ಆತ್ಮಿಕ ಬರಡುತನ, ಎರಡನ್ನೂ ಬೇರೆ ಮಾಡಿ ನೋಡಲು ಒಂದು ಅಂದಾಜು ಇಟ್ಟುಕೊಳ್ಳಿ. ಊಟ, ಕೆಲಸ, ಮಕ್ಕಳ ಜೊತೆ ನಗು ಎಲ್ಲ ಇದೆ, ಪ್ರಾರ್ಥನೆ ಮಾತ್ರ ಒಣಗಿದೆ ಎಂದಾದರೆ ಫಾದರ್ ಅಥವಾ ಪಾಸ್ಟರ್ ಹತ್ತಿರ ಮಾತಾಡಿದರೆ ಸಾಕು. ಎಲ್ಲದರಲ್ಲೂ ಆಸಕ್ತಿ ಸತ್ತಿದೆ, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಹಸಿವಿಲ್ಲ, ಇದು ಎರಡು ವಾರಕ್ಕಿಂತ ಹೆಚ್ಚು ನಡೆದಿದೆ ಎಂದಾದರೆ ಡಾಕ್ಟರ್ ಬೇಕು. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ, ಮೊದಲ ವಾರವೇ ಫಲ ಕಾಣಲಿಲ್ಲ ಎಂದು ಬಿಡಬಾರದು. ದೂರದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ, ಕನ್ನಡದಲ್ಲಿ ಮಾತಾಡಬಹುದು.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ: "ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಾ ಇದೆಯಾ ಅಕ್ಕಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಆ ದಿನವೇ ಮನೆಯಲ್ಲಿರುವ ಕಳೆನಾಶಕ, ಕೀಟನಾಶಕ, ಕೋವಿ ಎಲ್ಲವನ್ನೂ ಬೇರೆಯವರ ಬೀಗದಲ್ಲಿಡಿಸಿ. ತೋಟದ ಊರಲ್ಲಿ ಇವು ಕೈಗೆಟಕುವಷ್ಟು ಹತ್ತಿರ ಇರುತ್ತವೆ. ರಾತ್ರಿ ಒಬ್ಬರನ್ನೇ ಬಿಡಬೇಡಿ.

ಸಾಯಲು ಬೇಡಿಕೊಂಡ ಎಲೀಯನನ್ನು ದೇವರು ಗದರಲಿಲ್ಲ. 1 ಅರಸುಗಳು 19ರಲ್ಲಿ ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಮಾತು ಬಂದದ್ದು ಆಮೇಲೆ. ಭೇಟಿಗೆ ಹೋಗುವವರು ಈ ಕ್ರಮವನ್ನೇ ಹಿಡಿಯಲಿ ಎಂದು ನನ್ನ ಕೋರಿಕೆ.

---

ವಿರಾಜಪೇಟೆ_ಜಪಸರ:

ಕ್ಯಾಥೊಲಿಕ್ ಮನೆಗಳಿಗೆ ಸಂಬಂಧಿಸಿದ ಮಾತು ನಾನು ಹೇಳುತ್ತೇನೆ.

ರೋಗಿಗಳ ಅಭ್ಯಂಗ (ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಎಂದರೆ ಸಾಯುವವರಿಗೆ ಮಾತ್ರ ಎಂಬ ಭಯ ಇನ್ನೂ ಹೋಗಿಲ್ಲ. ಫಾದರ್ ಬಂದರೆ ಅಜ್ಜಿ ಹೆದರುತ್ತಾರೆ ಎಂದು ಮನೆಯವರು ಕರೆಯುವುದೇ ಇಲ್ಲ, ಕೊನೆಗೆ ಪ್ರಜ್ಞೆ ತಪ್ಪಿದ ಮೇಲೆ ಓಡುತ್ತಾರೆ. 1962-65ರ ಎರಡನೆಯ ವ್ಯಾಟಿಕನ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಸರಿಪಡಿಸಿದೆ. ಗಂಭೀರ ಕಾಯಿಲೆ ಶುರುವಾದಾಗ, ದೊಡ್ಡ ಆಪರೇಷನ್‌ಗೆ ಮುಂಚೆ, ಮುಪ್ಪಿನಿಂದ ತೀರಾ ಕುಗ್ಗಿದಾಗ ಪಡೆಯಬಹುದು. ಕಾಯಿಲೆ ಹೆಚ್ಚಾದರೆ ಮತ್ತೆಯೂ ಪಡೆಯಬಹುದು. ಹಣೆಗೆ ಮತ್ತು ಕೈಗಳಿಗೆ ಎಣ್ಣೆ ಹಚ್ಚುತ್ತಾರೆ. ಗುರುಗಳೇ ಕೊಡಬೇಕು, ಉಪದೇಶಿ ಅಥವಾ ಸಿಸ್ಟರ್ ಕೊಡಲಾಗದು. ರೋಗಿ ಮಾತಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಕರೆದರೆ ಪಾಪನಿವೇದನೆಯೂ ಆಗುತ್ತದೆ, ಪ್ರಾರ್ಥನೆಗೆ ಅವರೂ ಉತ್ತರ ಕೊಡುತ್ತಾರೆ.

ಹಾಸಿಗೆ ಹಿಡಿದವರಿಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮನೆಗೇ ಬರುತ್ತದೆ. ಚರ್ಚಿನ ಆಫೀಸಿನಲ್ಲಿ ಹೆಸರು ಬರೆಸಬೇಕು, ತಾನಾಗಿ ಬರುವುದಿಲ್ಲ. ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ, ಒಂದು ಲೋಟ ನೀರು ಸಿದ್ಧವಿರಲಿ. ಒಂದು ಗಂಟೆಯ ಉಪವಾಸದ ನಿಯಮ ರೋಗಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ನುಂಗಲು ಕಷ್ಟವಿದ್ದರೆ ಮೊದಲೇ ಹೇಳಿದರೆ ಚೂರು ಮಾತ್ರ ಕೊಡುತ್ತಾರೆ. ಭಾನುವಾರ ಬಲಿಪೂಜೆ ತಪ್ಪಿತು ಎಂದು ರೋಗಿಯನ್ನು ನೋಡಿಕೊಳ್ಳುವ ಸೊಸೆ ಅಳುವುದನ್ನು ಕಂಡರೆ ಹೇಳಿ: ಕಾಯಿಲೆಯವರಿಗೂ, ಬಿಟ್ಟು ಬರಲಾಗದಂತೆ ಅವರ ಸೇವೆಯಲ್ಲಿರುವವರಿಗೂ ಆ ಕಟ್ಟಳೆ ಇಲ್ಲ. ನೋಡಿಕೊಳ್ಳುವವರನ್ನು ನಾವು ಮರೆಯುವುದೇ ಹೆಚ್ಚು. ತಿಂಗಳಿಗೆ ಒಂದು ಭಾನುವಾರ ಕೂಟದ ಇಬ್ಬರು ರೋಗಿಯ ಹತ್ತಿರ ಕುಳಿತು ಆ ಸೊಸೆಯನ್ನು ಪೂಜೆಗೆ ಕಳಿಸಿದರೆ ಅದು ಎಷ್ಟೋ ಜಪಸರಕ್ಕೆ ಸಮ.

ಜಪಸರ ಪೂರ್ತಿ ಆಗದವರು ಒಂದೇ ದಶಕ (ಹತ್ತು ಮಣಿಗಳ ಒಂದು ಭಾಗ) ಹೇಳಲಿ. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು, ಅಂದರೆ ಯೇಸುವಿನ ಯಾತನೆ, ಮರಣದ ಧ್ಯಾನ. ಬೆರಳಿಗೆ ಬಲವಿಲ್ಲದವರಿಗೆ ದೊಡ್ಡ ಮಣಿಯ ಸರ ಕೊಡಿ. ನಿದ್ದೆ ಬಂದರೆ ಮಲಗಲಿ.

2018ರ ನಂತರ ಜಂಬೂರು, ಕರ್ಣಂಗೇರಿ, ಮದೆ ಕಡೆಗೆ ಹೋದ ಕುಟುಂಬಗಳಿಗೆ ಮನೆಯ ಜೊತೆ ಧರ್ಮಕೇಂದ್ರವೂ (ಅವರ ಚರ್ಚಿನ ವ್ಯಾಪ್ತಿ) ಅದರೊಳಗಿನ ವಾರ್ಡೂ ಬದಲಾಗಿರುತ್ತದೆ. ಹಳೆಯ ಫಾದರ್ ಹತ್ತಿರ ಪತ್ರ ತೆಗೆದುಕೊಂಡು ಹೊಸ ಕಡೆ ಹೆಸರು ಸೇರಿಸಿದರೇ ಅವರು ಯಾರ ಲೆಕ್ಕಕ್ಕಾದರೂ ಬರುವುದು. ಇಲ್ಲವಾದರೆ ಕ್ರಿಸ್ಮಸ್‌ಗೂ ಯಾರೂ ಬಾಗಿಲು ತಟ್ಟುವುದಿಲ್ಲ. ಹೊಸಬರಾದೆವು ಎಂಬ ಸಂಕೋಚ ಅವರಿಗೆ ಬೇಡ. ವಿರಾಜಪೇಟೆಯ ಕ್ರೈಸ್ತರ ಕಥೆ ಶುರುವಾಗುವುದೇ ಎಲ್ಲವನ್ನೂ ಕಳೆದುಕೊಂಡು ಬಂದವರಿಂದ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ 1792ರಲ್ಲಿ ಕೊಡಗಿನ ದೊಡ್ಡವೀರರಾಜೇಂದ್ರ ಅರಸರು ನೆಲೆ ಕೊಟ್ಟರು, ಸಂತ ಅನ್ನಮ್ಮನವರ ದೇವಾಲಯ ಬೆಳೆದದ್ದು ಆ ನೆಲೆಯಲ್ಲಿ.

ಕೊನೆಯದಾಗಿ, ನಮ್ಮ ನೋವನ್ನು ಕ್ರಿಸ್ತನ ನೋವಿನ ಜೊತೆ ಸೇರಿಸಿ ಅರ್ಪಿಸುವುದು (ಕೊಲೊಸ್ಸೆ 1:24). ಬೆಳಿಗ್ಗೆ ಎದ್ದೊಡನೆ "ಇವತ್ತಿನ ನೋವು ಇಂಥವರಿಗಾಗಿ" ಎಂದು ಒಂದು ಹೆಸರು ಹೇಳಿ ಅರ್ಪಿಸಲಿ. ಯಾರಿಗೂ ಉಪಯೋಗವಿಲ್ಲದ ಬದುಕಾಯಿತು ಎನ್ನುವ ಹಾಸಿಗೆಯವರಿಗೆ ಇದರಿಂದ ಒಂದು ಕೆಲಸ ಸಿಗುತ್ತದೆ. ಕೂಟದವರು ಹೋಗಿ ಪ್ರಾರ್ಥನೆಯ ಕೋರಿಕೆಗಳನ್ನು ಅವರಿಗೇ ಒಪ್ಪಿಸಬಹುದು.

---

ಪಾಲಿಬೆಟ್ಟ_ಓದುಗಳು:

ಜಪಸರದವರು ಕೊನೆಗೆ ಹೇಳಿದ್ದು ಕ್ಯಾನ್ಸರ್‌ಗೆ, ಕೀಲುನೋವಿಗೆ ಸರಿ. ಕುಡಿದು ಬಂದು ಹೊಡೆಯುವ ಗಂಡನಿರುವ ಮನೆಯಲ್ಲಿ ಅದನ್ನು ಹೇಳಬಾರದು. ಇದನ್ನು ಬಿಡಿಸಿ ಹೇಳದಿದ್ದರೆ ಹೆಣ್ಣುಮಕ್ಕಳ ಪ್ರಾಣಕ್ಕೆ ಕುತ್ತು. "ನಿನ್ನ ಶಿಲುಬೆ, ಹೊತ್ತುಕೋ" ಎನ್ನುವ ಮಾತು ಹೊಡೆಯುವವನಿಗೆ ಅನುಕೂಲ.

ತಪ್ಪಿಸಿಕೊಳ್ಳಬಹುದಾದ ಕೇಡಿನಿಂದ ತಪ್ಪಿಸಿಕೊಳ್ಳುವುದು ನಂಬಿಕೆಗೇಡಿತನ ಅಲ್ಲ. ದಾವೀದ ಸೌಲನ ಈಟಿಯಿಂದ ಓಡಿದ. ದಮಸ್ಕದಲ್ಲಿ ಪೌಲನನ್ನು ಬುಟ್ಟಿಯಲ್ಲಿಟ್ಟು ಗೋಡೆಯಿಂದ ಇಳಿಸಿದರು. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿಹೋಗಿ ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 10:23). ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ನಂಬರನ್ನು ಕೂಟದ ಹೆಂಗಸರಿಗೆಲ್ಲ ಬಾಯಿಪಾಠ ಮಾಡಿಸಿ, ಫೋನ್ ಕಿತ್ತುಕೊಂಡರೂ ಪಕ್ಕದ ಮನೆಯಿಂದ ಮಾಡಲು ಬರಬೇಕು. ಗಂಡನ ಎದುರಿಗೆ ಕೂರಿಸಿ ರಾಜಿ ಪ್ರಾರ್ಥನೆ ಮಾಡಬೇಡಿ. ನೀವು ಎದ್ದುಹೋದ ಮೇಲೆ ಆಕೆ ಏಟು ತಿನ್ನುತ್ತಾಳೆ. ಆಕೆಯನ್ನು ಒಬ್ಬಳನ್ನೇ ಕಂಡು ಮಾತಾಡಿ, ಮೊದಲು ಕೇಳಬೇಕಾದ್ದು ಇವತ್ತು ರಾತ್ರಿ ಎಲ್ಲಿರುತ್ತೀ ಎಂದು.

---

ವಿರಾಜಪೇಟೆ_ಜಪಸರ:

ಪಾಲಿಬೆಟ್ಟದವರೇ, ನೂರಕ್ಕೆ ನೂರು ಒಪ್ಪುತ್ತೇನೆ. ತಾನಾಗಿ ಅರ್ಪಿಸುವುದು ಬೇರೆ, ಇನ್ನೊಬ್ಬರು ಹೊರಿಸುವುದು ಬೇರೆ.

---

ಸುಂಟಿಕೊಪ್ಪ_ಕೂಟ:

ಎಲ್ಲರಿಗೂ ತುಂಬಾ ಉಪಕಾರ. ಮಾತ್ರೆಯ ಹೊತ್ತು ನೋಡಿಕೊಂಡು ಹೋಗುವ ವಿಷಯ ಈ ವಾರವೇ ಜಾರಿಗೆ ತರುತ್ತೇವೆ. ಸಾಲದವರ ವಿಷಯ ಮತ್ತು ಮಳೆಗಾಲದ ವಿಷಯ ಇನ್ನೂ ಉಳಿದಿದೆ. ಭೇಟಿಗೆ ಹೋದಾಗ ಎಷ್ಟು ಹೊತ್ತು ಇರಬೇಕು, ಏನು ಒಯ್ಯಬೇಕು ಎನ್ನುವುದನ್ನೂ ಹೇಳಿ. ಕೆಲವರು ಎರಡು ಗಂಟೆ ಕೂರುತ್ತಾರೆ.

---

ಅಮ್ಮತ್ತಿ_ಉಪದೇಶಿ:

ಭೇಟಿ ಇಬ್ಬರದೇ ಇರಲಿ, ಇಪ್ಪತ್ತು ನಿಮಿಷ ಮೀರದಿರಲಿ. ಲೈನ್ ಮನೆಯಲ್ಲಿ ಗೋಡೆಯಾಚೆ ಎಲ್ಲವೂ ಕೇಳಿಸುತ್ತದೆ, ಆದ್ದರಿಂದ ಗುಟ್ಟಿನ ವಿಷಯ ಒಳಗೆ ಕೇಳಬೇಡಿ, ನಡೆಯಬಲ್ಲವರಾದರೆ ಹೊರಗೆ ಕರೆದುಕೊಂಡು ಹೋಗಿ. ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಜೊತೆಗೆ ಕುಳಿತರು, ಅಲ್ಲಿಯವರೆಗೆ ಸರಿಯಾಗಿಯೇ ಇದ್ದರು. ಬಾಯಿ ತೆರೆದು ಕಾರಣ ಹೇಳಲು ಶುರು ಮಾಡಿದ ಮೇಲೆ ಕೆಟ್ಟಿತು. 42:7ರಲ್ಲಿ ದೇವರ ಸಿಟ್ಟು ಅಷ್ಟು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಅವರ ಮೇಲೆ. ಹೋಗುವಾಗ ಮಳೆಗಾಲದಲ್ಲಿ ಒಣ ಸೌದೆ, ಬೆಂಕಿಪೆಟ್ಟಿಗೆ, ಟಾರ್ಚಿನ ಬ್ಯಾಟರಿ ಒಯ್ಯಿರಿ. ಹಣ್ಣು, ಬ್ರೆಡ್ಡು ಎಲ್ಲರೂ ತರುತ್ತಾರೆ.

ಸಾಲದವರು ದೂರವಾಗಲು ಮುಖ್ಯ ಕಾರಣ ಕಾಣಿಕೆ. ದಶಮಾಂಶ ಬಾಕಿ, ವಾರ್ಡಿನ ವಂತಿಗೆ ಬಾಕಿ, ಹಬ್ಬದ ಚೀಟಿ ಬಾಕಿ. ಹೆಸರು ಓದಿ ಹೇಳುವ ಪದ್ಧತಿ ಎಲ್ಲಿದೆಯೋ ಅಲ್ಲಿ ಅದನ್ನು ನಿಲ್ಲಿಸಲು ಹಿರಿಯರೊಂದಿಗೆ ಮಾತಾಡಿ. 2 ಕೊರಿಂಥ 8:12ರ ಪ್ರಕಾರ ಇರುವುದರಲ್ಲಿ ಕೊಡುವುದೇ ಮೆಚ್ಚುಗೆ, ಇಲ್ಲದ್ದನ್ನು ಯಾರೂ ಕೇಳುತ್ತಿಲ್ಲ. ಸಂಘದ ಕಂತು ಕಟ್ಟುವ ದಿನ ಭೇಟಿಗೆ ಹೋಗಬೇಡಿ, ಆ ದಿನ ಬಾಗಿಲು ಯಾರು ತಟ್ಟಿದರೂ ಎದೆ ಹಾರುತ್ತದೆ.

ಕೂಟದೊಳಗೆ ಒಬ್ಬರಿಗೊಬ್ಬರು ಸಾಲ ಕೊಡುವುದು ಬೇಡ. ಸಾಲ ತೀರದಿದ್ದರೆ ಮುಖ ತಪ್ಪಿಸುತ್ತಾರೆ, ಒಬ್ಬ ಸದಸ್ಯ ಹೋದ, ಹಣವೂ ಹೋಯಿತು. ಬದಲಿಗೆ ಹಿಡಿ ಅಕ್ಕಿ ಇಡಿ. ಮಿಜೋರಾಂ ಸಭೆಗಳಲ್ಲಿ 1910ರಿಂದ ನಡೆದುಕೊಂಡು ಬಂದ ಪದ್ಧತಿ ಇದು. ಪ್ರತಿ ಸಲ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕುವುದು. ಹಿಡಿಗೆ 40 ಗ್ರಾಂ ಎಂದಿಟ್ಟುಕೊಂಡರೂ ದಿನಕ್ಕೆ ಎರಡು ಸಲ, ಹತ್ತು ಮನೆ, ತಿಂಗಳಿಗೆ 24 ಕಿಲೋ ಆಗುತ್ತದೆ. ಎರಡು ಮನೆಗೆ ಹನ್ನೆರಡು ಹನ್ನೆರಡು ಕಿಲೋ ಕೊಡಬಹುದು. ಯಾರಿಗೆ ಹೋಯಿತು ಎಂಬುದು ಇಬ್ಬರಿಗೆ ಮಾತ್ರ ಗೊತ್ತಿರಲಿ. ಪಡೆಯುವ ಮನೆಯವರೂ ತಮ್ಮ ಹಿಡಿ ಹಾಕುವುದನ್ನು ನಿಲ್ಲಿಸದಿರಲಿ, ಆಗ ಕೊಡುವವರು ಯಾರು ಪಡೆಯುವವರು ಯಾರು ಎಂದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ಡಬ್ಬದ ಅಕ್ಕಿ ತೇವ ಹಿಡಿದು ಹುಳು ಬೀಳುತ್ತದೆ, ಆಗ ತಿಂಗಳು ಕಾಯದೆ ವಾರಕ್ಕೊಮ್ಮೆ ಕೂಡಿಸಿ ಹಂಚಿಬಿಡಿ.

ಮಳೆಗಾಲಕ್ಕೆ ಯಾತ್ರಾಗೀತೆಗಳನ್ನು ಹಿಡಿಯಿರಿ, ಕೀರ್ತನೆ 120ರಿಂದ 134. ಒಟ್ಟು ಹದಿನೈದು. ವಾರಕ್ಕೊಂದರಂತೆ ಜೂನ್ ಮಧ್ಯದಲ್ಲಿ ಶುರು ಮಾಡಿದರೆ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ, ಅಷ್ಟರಲ್ಲಿ ಮಳೆಯೂ ತಗ್ಗಿರುತ್ತದೆ. 132 ಮಾತ್ರ ಹದಿನೆಂಟು ವಚನ, ಉಳಿದದ್ದೆಲ್ಲ ಒಂಬತ್ತರೊಳಗೆ. 131, 133, 134 ಮೂರು ಮೂರೇ ವಚನ. ಎಷ್ಟೇ ಸುಸ್ತಾದವರಿಗೂ ಆಗುತ್ತದೆ. ಸಂಜೆ ಏಳಕ್ಕೆ ಅವರವರ ಮನೆಯಲ್ಲೇ, ಎಲ್ಲರೂ ಅದೇ ಕೀರ್ತನೆ. ಕರೆಂಟ್ ಇರಲಿ ಬಿಡಲಿ, ನೆಟ್‌ವರ್ಕ್ ಇರಲಿ ಬಿಡಲಿ, ಗುಡ್ಡದಾಚೆಯ ಮನೆಯವರು ಈಗ ಇದನ್ನೇ ಓದುತ್ತಿದ್ದಾರೆ ಎಂಬುದು ಗೊತ್ತಿರುತ್ತದೆ.

ಅದಕ್ಕೆ ಮೇ ತಿಂಗಳಲ್ಲೇ ತಯಾರಿ ಬೇಕು. ಹದಿನೈದನ್ನೂ ದೊಡ್ಡ ಅಕ್ಷರದಲ್ಲಿ, 18 ಪಾಯಿಂಟಿಗೆ ಕಡಿಮೆಯಿಲ್ಲದಂತೆ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿಡಿ. ಓದು ಬಾರದವರಿಗೆ ಯಾರಾದರೂ ಓದಿ ರೆಕಾರ್ಡ್ ಮಾಡಿ ಫೋನಿನಲ್ಲೇ ಉಳಿಸಿಕೊಡಿ, ಇಂಟರ್‌ನೆಟ್ ನಂಬಬೇಡಿ. ತೋಡಿನಾಚೆಯ (ಹಳ್ಳದಾಚೆಯ) ಮನೆಗಳ ಪಟ್ಟಿ ಮಾಡಿ, ಕಾಲುಸೇತುವೆ ಮುಳುಗಿದರೆ ಆ ಕಡೆ ಇರುವವರಲ್ಲಿ ಯಾರು ಯಾರನ್ನು ನೋಡಬೇಕು ಎಂದು ಈಗಲೇ ಗೊತ್ತು ಮಾಡಿ. 2018 ಕಂಡವರ ಮನೆಗೆ ಭಾರಿ ಮಳೆಯ ರಾತ್ರಿ ಒಂದು ಫೋನ್ ಹೋಗಲಿ. ಪ್ರಾರ್ಥನೆ ಹೇಳಬೇಕೆಂದಿಲ್ಲ, "ಎಚ್ಚರ ಇದ್ದೀರಾ ಅಣ್ಣ, ನಾವೂ ಎಚ್ಚರ ಇದ್ದೇವೆ" ಅಂದರೆ ಸಾಕು. ಅಧಿಕಾರಿಗಳು ಜಾಗ ಖಾಲಿ ಮಾಡಿ ಎಂದರೆ ಮಾಡಬೇಕು. ದೇವರು ಕಾಯುತ್ತಾನೆ ಎಂದು ಕೂತಲ್ಲೇ ಕೂರುವುದನ್ನು ಯಾರೂ ನಂಬಿಕೆ ಎಂದು ಹೊಗಳದಿರಲಿ.

ಬಿಸಿಲಿನ ತಿಂಗಳಲ್ಲೂ ಸೇರುವ ಹೊತ್ತು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಇರಲಿ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆ ಸಂಜೆಗತ್ತಲಲ್ಲಿ ತೋಟದ ದಾರಿಯಲ್ಲಿ ಆನೆ. ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕೊಯ್ಲು, ಮೈ ದಣಿದಿರುತ್ತದೆ, ಆಗ ಕೂಟವನ್ನು ಅರ್ಧ ಗಂಟೆಗೆ ಇಳಿಸಿ.

---

ಸುಂಟಿಕೊಪ್ಪ_ಕೂಟ:

ಇನ್ನೊಂದೇ ಪ್ರಶ್ನೆ. "ನನಗೆ ಈಗ ನಂಬಿಕೆಯೇ ಇಲ್ಲ, ಸುಳ್ಳು ಹೇಳಿಕೊಂಡು ಯಾಕೆ ಬರಲಿ" ಎಂದು ನೇರವಾಗಿ ಹೇಳುವವರಿಗೆ?

---

ಪಾಲಿಬೆಟ್ಟ_ಓದುಗಳು:

ಸುಳ್ಳು ಹೇಳದೆಯೇ ಬರಲಿ. ಯೋಹಾನ 20 ನೋಡಿ. ನಾನು ನಂಬುವುದೇ ಇಲ್ಲ ಎಂದ ತೋಮ, ಎಂಟು ದಿನವಾದ ಮೇಲೆ ಶಿಷ್ಯರು ಒಳಗಿದ್ದಾಗ ಅವರ ಜೊತೆಗೇ ಇದ್ದ. ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದುಹೋಗಲಿಲ್ಲ. ಯೇಸು ಬಂದಾಗ ಅವನು ಅಲ್ಲಿದ್ದ.

ಅಂಥವರ ಕೈಯಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಹೇಳಿಸಬೇಡಿ, ಸಾಕ್ಷಿ ಕೇಳಬೇಡಿ, ಅವರ ಹೆಸರು ಹಿಡಿದು "ನಂಬಿಕೆ ಕೊಡು ಕರ್ತನೇ" ಎಂದು ಎಲ್ಲರ ಮುಂದೆ ಬೇಡಬೇಡಿ. ಕೆಲಸ ಕೊಡಿ. ಅಕ್ಕಿ ಡಬ್ಬ ಕೂಡಿಸುವುದು, ತೋಡಿನಾಚೆಯ ಮನೆಗಳ ಪಟ್ಟಿ ಇಟ್ಟುಕೊಳ್ಳುವುದು, ಓದು ಬಾರದವರಿಗೆ ಕೀರ್ತನೆ ರೆಕಾರ್ಡ್ ಮಾಡಿಕೊಡುವುದು. ಎರಡು ವಾರ ಬರದಿದ್ದರೆ ಮೂರನೆಯ ವಾರ ಒಬ್ಬರು ಹೋಗಿ ಪಟ್ಟಿಯ ಬಗ್ಗೆ ಕೇಳಲಿ, ನಂಬಿಕೆಯ ಬಗ್ಗೆ ಅಲ್ಲ.